ಹಳೇ ಬಂಗಲೆಯ ಕೊಲೆ ಕಥೆಗಳನ್ನು ಕೈಬಿಡಲು ಯಾಕೆ ಆಗುವುದಿಲ್ಲ?

ಕುವೆಂಪುನಗರದ ಓದುಗಿ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೆಯುತ್ತಿರುವ ಒಂದು ಪ್ರಶ್ನೆ ಇದೆ. ಇಲ್ಲಿ ಪತ್ತೇದಾರಿ ಓದುವವರು ಜಾಸ್ತಿ ಇದ್ದೀರಿ ಅಂತ ನಿಮ್ಮನ್ನೇ ಕೇಳುತ್ತಿದ್ದೇನೆ.

ನನಗೆ ರಕ್ತ ಕಂಡರೆ ಆಗುವುದಿಲ್ಲ. ಟಿವಿಯಲ್ಲಿ ಕ್ರೈಂ ಸುದ್ದಿ ಬಂದರೆ ಚಾನೆಲ್ ಬದಲಾಯಿಸುತ್ತೇನೆ. ಪೇಪರ್‌ನಲ್ಲಿ ಕೊಲೆ ಸುದ್ದಿ ಇದ್ದರೆ ಆ ಪುಟವನ್ನೇ ಮಡಿಸಿ ಇಡುತ್ತೇನೆ. ಆದರೆ ಹಳೇ ಕಾಲದ ಇಂಗ್ಲಿಷ್ ಪತ್ತೇದಾರಿ ಕಾದಂಬರಿ ಕೈಗೆ ಸಿಕ್ಕಿದರೆ ಸಾಕು, ಅದೇ ಊರಾಚೆಯ ದೊಡ್ಡ ಬಂಗಲೆ, ಶನಿವಾರ ಭಾನುವಾರಕ್ಕೆ ಬಂದಿಳಿದ ನೆಂಟರು, ರಾತ್ರಿ ಊಟದ ಹೊತ್ತಿಗೆ ಒಂದು ಸಣ್ಣ ಮಾತಿನ ಚಕಮಕಿ, ಬೆಳಿಗ್ಗೆ ಕೆಲಸದವಳು ಪರದೆ ಸರಿಸಲು ಹೋದಾಗ ಓದುವ ಕೋಣೆಯಲ್ಲಿ ಹೆಣ, ಒಲೆ ಮೇಲಿಟ್ಟ ಹಾಲು ಉಕ್ಕಿದರೂ ನನಗೆ ಗೊತ್ತಾಗುವುದಿಲ್ಲ.

ಹೋದ ತಿಂಗಳು ನಮ್ಮ ಕಡೆಯ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಬಾಗಿಲು ಹಾಕಿತು. ಪುಸ್ತಕಗಳನ್ನು ತೂಕಕ್ಕೆ ಹಾಕಿ ಮಾರುತ್ತಿದ್ದರು. ನೋಡಿ ಸಂಕಟ ಆಯಿತು. ಎರಡು ಚೀಲ ತಂದೆ. ಅದರಲ್ಲಿ ಒಂದು ಪುಸ್ತಕದ ಶುರುವಿನಲ್ಲೇ ಬಂಗಲೆಯ ನಕ್ಷೆ ಇದೆ. ಮಹಡಿ ಮೇಲಿನ ಕೋಣೆಗಳು, ಯಾರು ಎಲ್ಲಿ ಮಲಗಿದ್ದರು, ಮೆಟ್ಟಿಲು ಎಲ್ಲಿ, ಎಲ್ಲಾ ಇದೆ. ನನಗಿಂತ ಮೊದಲು ಓದಿದವರು ಯಾರೋ ಒಂದು ಕೋಣೆಗೆ ಪೆನ್ಸಿಲ್‌ನಲ್ಲಿ ಸಣ್ಣ ಗುರುತು ಹಾಕಿದ್ದಾರೆ. ಆಮೇಲೆ ಅದನ್ನು ಅಳಿಸಿ ಪಕ್ಕದ ಕೋಣೆಗೆ ಹಾಕಿದ್ದಾರೆ. ಮತ್ತೆ ಅದನ್ನೂ ಅಳಿಸಿದ್ದಾರೆ. ಅಳಿಸಿದ ಜಾಗದಲ್ಲಿ ಕಾಗದ ಸವೆದು ತೆಳ್ಳಗಾಗಿದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ. ನಾನು ಆ ಪುಟ ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ. ಇದೇ ಊರಿನಲ್ಲಿ, ಎಷ್ಟೋ ವರ್ಷದ ಹಿಂದೆ, ಯಾರೋ ಒಬ್ಬರು ನನ್ನ ಹಾಗೇ ಒದ್ದಾಡಿದ್ದಾರೆ ಅಲ್ವಾ.

ಚಿಕ್ಕಂದಿನಲ್ಲಿ ಅಪ್ಪ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ತಂದುಕೊಡುತ್ತಿದ್ದರು. ಅದು ನಮ್ಮದು, ಅದರ ರುಚಿ ಯಾಕೆ ಹತ್ತಿತು ಅಂತ ಹೇಳಬಲ್ಲೆ. ಈ ಬಂಗಲೆ, ಬಟ್ಲರ್, ನಾಲ್ಕು ಗಂಟೆಯ ಟೀ, ಬೇಟೆ ನಾಯಿ, ಯಾವುದೂ ನಮ್ಮದಲ್ಲ. ಆದರೂ ಯಾಕೆ ಹೀಗೆ ಹಿಡಿದುಕೊಳ್ಳುತ್ತದೆ? ಸಂಜೆ ಹೊತ್ತು ಕೊಲೆ ಕಥೆ ಓದುತ್ತೀಯಲ್ಲಮ್ಮ ಅಂತ ನಮ್ಮ ಅತ್ತೆ ಬೇಸರ ಮಾಡಿಕೊಳ್ಳುತ್ತಾರೆ, ಆದರೆ ಬೆಳಿಗ್ಗೆ ಕಾಫಿ ಕುಡಿಯುವಾಗ ಅವರೇ ಕೇಳುತ್ತಾರೆ, "ಯಾರಂತೆ ಮಾಡಿದ್ದು?" ನಿಮಗೆಲ್ಲ ಏನನ್ನಿಸುತ್ತದೆ, ಬಿಡಿಸಿ ಹೇಳಿ.

ನಾಲೆ ಏರಿ

ಅಕ್ಕಾ, ಬಂಗಲೆ ನಮ್ಮದಲ್ಲ ಅಂದಿರಿ. ನನಗೆ ಅದು ಪೂರ್ತಿ ನಮ್ಮ ಮನೆ ಅನ್ನಿಸುತ್ತದೆ.

ನಾನು ಬೆಳೆದದ್ದು ಪಾಂಡವಪುರದ ಕಡೆ ಒಂದು ತೊಟ್ಟಿಮನೆಯಲ್ಲಿ. ಅಜ್ಜಿ, ನಾಲ್ಕು ಜನ ದೊಡ್ಡಪ್ಪ ಚಿಕ್ಕಪ್ಪಂದಿರು, ಅವರ ಹೆಂಡತಿ ಮಕ್ಕಳು, ಗಂಡನ ಮನೆಯಿಂದ ವಾಪಸ್ ಬಂದಿದ್ದ ಒಬ್ಬ ಅತ್ತೆ, ಕೆಲಸದವರು, ಒಟ್ಟು ಇಪ್ಪತ್ತು ಜನ ಮೇಲೆ. ಮಧ್ಯೆ ತೊಟ್ಟಿ, ಸುತ್ತ ಪಡಸಾಲೆ, ಒಂದು ಕಡೆ ದೇವರ ಮನೆ, ಅದರ ಪಕ್ಕ ಅಡಿಗೆ ಮನೆ, ಮೇಲೆ ಅಟ್ಟ. ರಾತ್ರಿ ಮುಂಬಾಗಿಲ ಅಗಳಿ ಹಾಕಿದ ಮೇಲೆ ಹೊರಗಿನವರು ಒಳಗೆ ಬರಲು ದಾರಿ ಇಲ್ಲ. ಅಜ್ಜಿ ಪಡಸಾಲೆಯ ಕಂಬದ ಪಕ್ಕ ಮಲಗುತ್ತಿದ್ದಳು. ಕಣ್ಣು ಮುಚ್ಚಿಕೊಂಡೇ ಎಲ್ಲಾ ಹೇಳುತ್ತಿದ್ದಳು. ಅಟ್ಟದ ಏಣಿಯ ಮೂರನೇ ಮೆಟ್ಟಿಲು ಕಿರ್ರ್ ಅಂದರೆ ಚಿಕ್ಕಪ್ಪ ಬೀಡಿ ಸೇದಲು ಹತ್ತುತ್ತಿದ್ದಾರೆ. ಹಿತ್ತಿಲ ಬಾಗಿಲ ಚಿಲಕ ಮೆಲ್ಲಗೆ ತೆಗೆದ ಸದ್ದು ಬಂದರೆ ಅತ್ತೆ ಅಳಲು ಬಾವಿಕಟ್ಟೆಗೆ ಹೋಗುತ್ತಿದ್ದಾಳೆ. ಬಚ್ಚಲಲ್ಲಿ ಚೊಂಬಿನ ಸದ್ದು ಎರಡು ಸಲ ಕೇಳಿದರೆ ಇಂಥವರು, ಮೂರು ಸಲ ಕೇಳಿದರೆ ಇಂಥವರು.

ಆ ಕಾದಂಬರಿಗಳಲ್ಲಿ ಪತ್ತೇದಾರ ಮಾಡುವುದು ಇದನ್ನೇ ಅಲ್ವಾ. ಹನ್ನೊಂದೂವರೆಗೆ ಬಾಗಿಲ ಸದ್ದು ಕೇಳಿದವರು ಯಾರು, ಮೆಟ್ಟಿಲಿಳಿದವರ ಕಾಲಲ್ಲಿ ಚಪ್ಪಲಿ ಇತ್ತಾ ಇರಲಿಲ್ಲವಾ, ಮೇಣದ ಬತ್ತಿ ಎಷ್ಟು ಉದ್ದ ಉರಿದಿತ್ತು. ಹೊರಗೆ ಮಳೆಯೋ ಹಿಮವೋ ಸುರಿದು ದಾರಿ ಕಟ್ಟಿರುತ್ತದೆ. ಅಂದರೆ ಹೊರಗಿನ ಕಳ್ಳ ಬಂದ ಅಂತ ಹೇಳಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಮಾಡಿದವರು ಇದೇ ಮನೆಯಲ್ಲಿ ಇದ್ದಾರೆ, ನಿನ್ನೆ ರಾತ್ರಿ ನಮ್ಮ ಜೊತೆ ಕೂತು ಉಂಡಿದ್ದಾರೆ, ಈಗ ಉಪ್ಪು ಕೊಡಿ ಅಂತ ನಮ್ಮ ಕಡೆ ಕೈ ಚಾಚುತ್ತಿದ್ದಾರೆ. ನನಗೆ ಮೈ ಜುಂ ಅನ್ನುವುದು ಇಲ್ಲಿ. ಚಾಕು, ರಕ್ತ ಎಲ್ಲಾ ಆಮೇಲಿನ ಮಾತು.

ಇನ್ನೊಂದು. ಆ ಪುಸ್ತಕಗಳಲ್ಲಿ ಹತ್ತರಲ್ಲಿ ಆರೇಳು ಕಡೆ ಕೊಲೆಯ ಬುಡದಲ್ಲಿ ಒಂದು ಉಯಿಲು ಇರುತ್ತದೆ. ಮುದುಕ ಯಜಮಾನ ನಾಳೆ ವಕೀಲರನ್ನು ಕರೆಸುತ್ತೇನೆ ಅಂತ ಊಟದ ಹೊತ್ತಿಗೆ ಹೇಳಿದ ಅಂದರೆ ಅವನ ಕಥೆ ಮುಗಿಯಿತು ಅಂತಲೇ ಅರ್ಥ. ಉಯಿಲು ಅನ್ನುವ ಕಡೆ ಭಾಗ ಅಂತ ಹಾಕಿಕೊಂಡು ಓದಿ. ನಮ್ಮ ಮನೆ ಭಾಗ ಆದಾಗ ನನಗೆ ಹದಿನಾಲ್ಕು ವರ್ಷ. ಯಾರೂ ಯಾರ ಮೇಲೂ ಕೈ ಮಾಡಲಿಲ್ಲ, ಜೋರಾಗಿ ಕೂಗಾಡಲೂ ಇಲ್ಲ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಮುದ್ದೆ ಉಂಡರು. ಮಾರನೇ ದಿನ ಸರ್ವೇಯವರು ಬಂದರು. ಒಂದು ವಾರದಲ್ಲಿ ತೊಟ್ಟಿಯ ನಡುವೆ ಇಟ್ಟಿಗೆ ಗೋಡೆ ಎದ್ದಿತು. ಆ ರಾತ್ರಿ ಪಂಕ್ತಿಯಲ್ಲಿ ಯಾರ ಮನಸ್ಸಿನಲ್ಲಿ ಏನಿತ್ತು ಅಂತ ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಆ ಬಂಗಲೆ ಕಥೆ ಓದುವಾಗಲೆಲ್ಲ ನಾನು ಆ ಪಂಕ್ತಿಗೇ ವಾಪಸ್ ಹೋಗುತ್ತೇನೆ. ಅಲ್ಲಿ ಕೊನೆಗಾದರೂ ಒಬ್ಬ ಬಂದು ಯಾರ ಮನಸ್ಸಿನಲ್ಲಿ ಏನಿತ್ತು ಅಂತ ಬಾಯಿ ಬಿಟ್ಟು ಹೇಳುತ್ತಾನೆ.

ಔಷಧಿ ಅಂಗಡಿ

ನಾಲೆ ಏರಿಯವರು ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಮನೆಯಲ್ಲೂ ಒಂದು ಗೋಡೆ ಇದೆ.

ನಾನು ಬೇರೆ ಕಡೆಯಿಂದ ಹೇಳುತ್ತೇನೆ. ನಾನು ಮೈಸೂರಿನಲ್ಲಿ ಔಷಧಿ ಅಂಗಡಿ ನಡೆಸುವವಳು, ಫಾರ್ಮಸಿ ಓದಿದವಳು. ಇಂಗ್ಲಿಷ್ ಪತ್ತೇದಾರಿ ಲೇಖಕಿ ಅಗಾಥಾ ಕ್ರಿಸ್ಟಿ ಮೊದಲನೇ ಮಹಾಯುದ್ಧದ ಹೊತ್ತಿನಲ್ಲಿ ಟಾರ್ಕಿ ಅನ್ನುವ ಅವರ ಊರಿನ ಆಸ್ಪತ್ರೆಯಲ್ಲಿ ಮೊದಲು ಗಾಯಾಳುಗಳ ಸೇವೆ ಮಾಡಿ, ಆಮೇಲೆ ಔಷಧಿ ಕೊಡುವ ವಿಭಾಗದಲ್ಲಿ ಕೆಲಸ ಮಾಡಿದವರು. ಸುತ್ತ ಕಪಾಟಿನ ತುಂಬ ವಿಷದ ಸೀಸೆಗಳು. ಅಲ್ಲೇ ಅವರಿಗೆ ವಿಷದ ಕಥೆ ಬರೆಯುವ ಯೋಚನೆ ಬಂದದ್ದು. 1920ರಲ್ಲಿ ಅವರ ಮೊದಲ ಕಾದಂಬರಿ ಬಂತು. ಅದೂ ಸ್ಟೈಲ್ಸ್ ಅನ್ನುವ ಒಂದು ದೊಡ್ಡ ಹಳ್ಳಿ ಬಂಗಲೆಯ ಕಥೆಯೇ. ಸಾಯುವುದು ಮನೆಯ ಯಜಮಾನಿ, ವಿಷ ಸ್ಟ್ರಿಕ್ನಿನ್. ನಮ್ಮ ಕಾಡುಗಳಲ್ಲಿ ಬೆಳೆಯುವ ಕಾಸರಕದ ಬೀಜದಲ್ಲಿ ಇರುವುದು ಇದೇ. ಆ ಕಾಲದಲ್ಲಿ ಅದನ್ನು ತೀರಾ ಸ್ವಲ್ಪ ಹಾಕಿ ಶಕ್ತಿಗೆ ಅಂತ ಟಾನಿಕ್ ಮಾಡಿ ಕುಡಿಸುತ್ತಿದ್ದರು.

ಆ ಪುಸ್ತಕ ನಾನು ಓದಿದ್ದು ಕಾಲೇಜಿನಲ್ಲಿದ್ದಾಗ. ಕೊನೆ ಪುಟ ಮುಗಿಸಿ ಮೊದಲಿಗೆ ವಾಪಸ್ ಹೋದೆ. ಕೊಲೆ ಹೇಗಾಯಿತು ಅಂತ ಇಲ್ಲಿ ಬರೆಯುವುದಿಲ್ಲ, ಓದದವರಿಗೆ ಅನ್ಯಾಯ ಆಗುತ್ತದೆ. ಇಷ್ಟು ಹೇಳುತ್ತೇನೆ. ಬೇಕಾದ ಸುಳಿವೆಲ್ಲ ಕಣ್ಣೆದುರೇ ಇತ್ತು. ಬರೀ ಸೀಸೆ, ಡಬ್ಬಿ, ಯಾರು ಯಾವಾಗ ಎಷ್ಟು ಕುಡಿದರು ಅನ್ನುವ ಲೆಕ್ಕ. ನಾನು ದಿನಾ ಕ್ಲಾಸಿನಲ್ಲಿ ಕಲಿಯುತ್ತಿದ್ದ ಪಾಠವೇ ಅದು, ಆದರೂ ಹೊಳೆಯಲಿಲ್ಲ. ಔಷಧ ವೃತ್ತಿಯವರ ಪತ್ರಿಕೆಯೊಂದು ಆ ಪುಸ್ತಕದಲ್ಲಿ ವಿಷದ ವಿಷಯ ಸರಿಯಾಗಿ ಬಂದಿದೆ ಅಂತ ಮೆಚ್ಚಿ ಬರೆದಿತ್ತು. ಆ ಮೆಚ್ಚುಗೆ ಬಗ್ಗೆ ಕ್ರಿಸ್ಟಿಗೆ ಬಹಳ ಹೆಮ್ಮೆ ಇತ್ತು. ಅದರ ಬೆಲೆ ಏನು ಅಂತ ಕೌಂಟರ್ ಹಿಂದೆ ನಿಂತವರಿಗೆ ಗೊತ್ತು.

ಓದುಗಿ ಮೇಡಂ, ನಿಮ್ಮ ಪೆನ್ಸಿಲ್ ಗುರುತಿನವರು ಒದ್ದಾಡಿದ್ದು ಇದಕ್ಕೇ ಅನ್ನಿಸುತ್ತದೆ. ಈ ಕಥೆಗಳಲ್ಲಿ ಬರೆದವರಿಗೂ ಓದುವವರಿಗೂ ಮಧ್ಯೆ ಒಂದು ಮಾತು ಆಗಿರುತ್ತದೆ. ನಾನು ಏನನ್ನೂ ಮುಚ್ಚಿಡುವುದಿಲ್ಲ, ನೀನು ಕಂಡುಹಿಡಿ. 1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನುವ ಪಾದ್ರಿ ಇದನ್ನು ಹತ್ತು ನಿಯಮಗಳಾಗಿ ಬರೆದಿಟ್ಟರು. ದೆವ್ವ ಭೂತ ತಂದು ಬಿಡಿಸುವ ಹಾಗಿಲ್ಲ. ಯಾರಿಗೂ ಗೊತ್ತಿಲ್ಲದ ಹೊಸ ವಿಷ ಹುಟ್ಟಿಸುವ ಹಾಗಿಲ್ಲ. ಗುಪ್ತ ಕೋಣೆ, ಗುಪ್ತ ದಾರಿ ಒಂದಕ್ಕಿಂತ ಜಾಸ್ತಿ ಇಡುವ ಹಾಗಿಲ್ಲ. ಅವಳಿ ಜವಳಿ ತರುವುದಾದರೆ ಮೊದಲೇ ಓದುಗರಿಗೆ ಗೊತ್ತಾಗಬೇಕು. ಮಾರನೇ ವರ್ಷ ಲಂಡನ್ನಿನಲ್ಲಿ ಪತ್ತೇದಾರಿ ಬರಹಗಾರರೇ ಸೇರಿ ಒಂದು ಕೂಟ ಕಟ್ಟಿದರು. ಲೇಖಕ ಚೆಸ್ಟರ್ಟನ್ ಅದರ ಮೊದಲ ಅಧ್ಯಕ್ಷ. ಮುಖ್ಯವಾದ ಸುಳಿವನ್ನು ಓದುಗರಿಂದ ಬಚ್ಚಿಡುವುದಿಲ್ಲ ಅಂತ ಸೇರುವವರಿಂದ ಪ್ರಮಾಣ ಮಾಡಿಸುತ್ತಿದ್ದರು.

ನಾನು ದಿನವಿಡೀ ಅರ್ಧಂಬರ್ಧ ಮಾತು ಕೇಳುವವಳು. ಚೀಟಿಯಲ್ಲಿ ಅಕ್ಷರ ಅರ್ಥ ಆಗುವುದಿಲ್ಲ. ಕಾಯಿಲೆ ಯಾರಿಗೆ ಅಂದರೆ ನಮ್ಮ ಪಕ್ಕದ ಮನೆಯವರಿಗೆ ಅಂತಾರೆ, ಕಣ್ಣು ನೋಡಿದರೆ ಅವರಿಗೇ ಅಂತ ಗೊತ್ತಾಗುತ್ತದೆ. ರಾತ್ರಿ ಒಂಬತ್ತೂವರೆಗೆ ಶಟರ್ ಎಳೆದು ಮನೆಗೆ ಬಂದು, ಎಲ್ಲವನ್ನೂ ನನ್ನ ಮುಂದೆ ಇಟ್ಟಿರುವ ಒಂದು ಪುಸ್ತಕ ತೆರೆದರೆ ನನಗೆ ಅದೇ ವಿಶ್ರಾಂತಿ.

ಮಳವಳ್ಳಿ ಕಡೆಯವನು

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನಾನು ಸ್ವಲ್ಪ ಕಹಿ ಹೇಳಬೇಕು, ಕ್ಷಮಿಸಿ.

ಆ ಬಂಗಲೆಗಳಲ್ಲಿ ಎಷ್ಟು ಜನ ಕೆಲಸದವರು ಇರುತ್ತಾರೆ ಅಂತ ಯಾವತ್ತಾದರೂ ಲೆಕ್ಕ ಹಾಕಿದ್ದೀರಾ? ಅಡಿಗೆಯವಳು, ಒಲೆ ಹಚ್ಚುವ ಹುಡುಗಿ, ಹಾಸಿಗೆ ಹಾಸುವವಳು, ತೋಟದವನು, ಗಾಡಿಯವನು. ಮನೆಯವರ ಗುಟ್ಟೆಲ್ಲ ಅವರಿಗೆ ಗೊತ್ತು. ಯಾರ ಹಾಸಿಗೆ ರಾತ್ರಿ ಮುಟ್ಟದ ಹಾಗೇ ಇತ್ತು, ಯಾರ ಬಟ್ಟೆಯಲ್ಲಿ ಕಲೆ ಇತ್ತು, ಯಾವ ಕಾಗದ ಒಲೆಯಲ್ಲಿ ಅರ್ಧ ಸುಟ್ಟಿತ್ತು, ನೋಡುವುದು ಅವರೇ. ಆದರೆ ಅವರಿಗೆ ಸಿಗುವುದು ಎರಡು ಪುಟ. ಹೆಣ ನೋಡಿ ಕಿರುಚಲು ಅರ್ಧ ಪುಟ, ಪೊಲೀಸರ ಮುಂದೆ ತಡಬಡಾಯಿಸಲು ಒಂದೂವರೆ ಪುಟ. 1928ರಲ್ಲಿ ಎಸ್. ಎಸ್. ವ್ಯಾನ್ ಡೈನ್ ಎನ್ನುವ ಅಮೆರಿಕದ ಲೇಖಕ ಇಪ್ಪತ್ತು ನಿಯಮ ಮಾಡಿದ. ಅದರಲ್ಲಿ ಒಂದು, ಆಳುಗಳನ್ನು ಕೊಲೆಗಾರ ಮಾಡಬಾರದು ಅಂತ. ಕೇಳಿದರೆ ಒಳ್ಳೆಯ ಮಾತು ಅನ್ನಿಸುತ್ತದೆ. ಕಾರಣ ನೋಡಿ. ಅದು ತೀರಾ ಸುಲಭದ ಉತ್ತರ ಆಗುತ್ತದಂತೆ, ಅಪರಾಧಿ ಅಂದರೆ ಒಂದು ಯೋಗ್ಯತೆ ಇರುವ ವ್ಯಕ್ತಿ ಆಗಿರಬೇಕಂತೆ.

ನಮ್ಮ ಅಜ್ಜಿ ಮಳವಳ್ಳಿ ಹತ್ತಿರದ ಒಂದು ಊರಿನಲ್ಲಿ ದೊಡ್ಡ ಮನೆಯೊಂದರಲ್ಲಿ ಕೆಲಸಕ್ಕೆ ಇದ್ದಳು. ಕಸ ಮುಸುರೆ, ಭತ್ತ ಕುಟ್ಟುವುದು, ಕೊಟ್ಟಿಗೆ ಬಾಚುವುದು. ಒಂದು ಗೌರಿ ಹಬ್ಬದ ದಿನ ಆ ಮನೆಯ ಸೊಸೆಯ ಕೊರಳಿನ ಅಡ್ಡಿಕೆ ಕಾಣಲಿಲ್ಲ. ಮನೆ ತುಂಬ ನೆಂಟರು. ಯಾರನ್ನೂ ಕೇಳಲಿಲ್ಲ. ನಮ್ಮ ಅಜ್ಜಿಯನ್ನು ಹಿತ್ತಿಲಲ್ಲಿ ನಿಲ್ಲಿಸಿ ಸೆರಗು ಬಿಚ್ಚಿ ಕೊಡವಲು ಹೇಳಿದರು. ಮಡಿಲಲ್ಲಿ ಇದ್ದದ್ದು ನಮ್ಮಪ್ಪನಿಗೆ ಅಂತ ಕಟ್ಟಿಕೊಂಡಿದ್ದ ಎರಡು ಒಬ್ಬಟ್ಟು. ಅದು ನೆಲಕ್ಕೆ ಬಿತ್ತು. ಅದನ್ನು ಹೇಳುವಾಗ ಅಜ್ಜಿ ಪ್ರತಿ ಸಲ ಒಬ್ಬಟ್ಟು ಬಿದ್ದ ಜಾಗವನ್ನೇ ಹೇಳುತ್ತಿದ್ದಳು, ಒರಳುಕಲ್ಲಿನ ಪಕ್ಕ, ಬೂದಿ ಗುಡ್ಡೆಯ ಮೇಲೆ. ಆಮೇಲೆ ದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿಸಿದರು. ಮಾಡಿದಳು. ಆದರೂ ಕೆಲಸ ಬಿಡಿಸಿದರು. ಎರಡು ವರ್ಷ ಆದ ಮೇಲೆ ಯಾವುದೋ ಮದುವೆಗೆ ಅಂತ ಆ ಸೊಸೆ ಹಳೇ ಟ್ರಂಕ್ ತೆಗೆದಾಗ ರೇಷ್ಮೆ ಸೀರೆಯ ಮಡಿಕೆಯಲ್ಲಿ ಅಡ್ಡಿಕೆ ಸಿಕ್ಕಿತು. ಇದು ಅಜ್ಜಿಗೆ ಗೊತ್ತಾಗಿದ್ದು ಬಟ್ಟೆ ಒಗೆಯುವ ಅಕ್ಕನಿಂದ. ಆ ಮನೆಯಿಂದ ಯಾರೂ ಬಂದು ತಪ್ಪಾಯಿತು ಅನ್ನಲಿಲ್ಲ. ಅಜ್ಜಿ ತೀರಿಹೋಗಿ ಹನ್ನೊಂದು ವರ್ಷ ಆಯಿತು.

ಹಾಗಾದರೆ ನೀನು ಯಾಕೆ ಓದುತ್ತೀಯ ಅಂತ ಕೇಳುತ್ತೀರಿ. ಓದುತ್ತೇನೆ, ಸಿಕ್ಕಿದ್ದೆಲ್ಲ ಓದುತ್ತೇನೆ. ನನಗೆ ಬೇಕಾದದ್ದು ಕೊನೆಯ ಅಧ್ಯಾಯ. ಪತ್ತೇದಾರ ಎಲ್ಲರನ್ನೂ ಒಂದು ಕೋಣೆಗೆ ಕರೆದು ಕೂರಿಸುತ್ತಾನಲ್ಲ, ಅದು. ಯಜಮಾನ, ಯಜಮಾನಿ, ಮಗ, ಸೊಸೆ, ಕರ್ನಲ್, ಡಾಕ್ಟರ್, ಬಟ್ಲರ್, ಎಲ್ಲರೂ ಅವನ ಮುಂದೆ ಕೂರಬೇಕು. ನಿನ್ನೆ ರಾತ್ರಿ ಹನ್ನೆರಡು ಗಂಟೆಗೆ ನೀವು ಎಲ್ಲಿದ್ದಿರಿ ಅಂತ ಯಜಮಾನಿಯನ್ನೂ ಅದೇ ದನಿಯಲ್ಲಿ ಕೇಳುತ್ತಾನೆ. ಅವಳು ಉತ್ತರ ಕೊಡಲೇಬೇಕು. ನಮ್ಮ ಅಜ್ಜಿ ವಿಷಯದಲ್ಲಿ ಆ ಸಭೆ ನಡೆಯಲೇ ಇಲ್ಲ. ನೆಂಟರನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿ ಒಬ್ಬೊಬ್ಬರನ್ನೇ ಕೇಳಿದ್ದರೆ, ಆ ಸೊಸೆಯನ್ನೇ ಟ್ರಂಕ್ ಯಾವಾಗ ಮುಚ್ಚಿದ್ದು ಅಂತ ಕೇಳಿದ್ದರೆ, ಅರ್ಧ ಗಂಟೆಯ ಕೆಲಸ.

ಗಂಜಾಂ ಅಂಜೂರ

ಮಳವಳ್ಳಿಯವರೇ, ನಿಮ್ಮ ಅಜ್ಜಿಯ ಮಾತು ಓದಿದ ಮೇಲೆ ಉತ್ತರ ಬರೆಯದೆ ಇರಲು ಆಗಲಿಲ್ಲ. ನಾನು ಶ್ರೀರಂಗಪಟ್ಟಣದವನು, ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟು ನಿವೃತ್ತಿ ಆದವನು. ಈ ಬಂಗಲೆ ಕಥೆಗಳ ಬೇರು ಎಲ್ಲಿದೆ ಗೊತ್ತಾ? ನಮ್ಮ ಊರಿನಲ್ಲಿದೆ. ಸುಮ್ನೆ ಹೇಳುತ್ತಿಲ್ಲ.

1868ರಲ್ಲಿ ವಿಲ್ಕಿ ಕಾಲಿನ್ಸ್ ಎಂಬ ಲೇಖಕ ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ 'ದಿ ಮೂನ್‌ಸ್ಟೋನ್' ಅನ್ನುವ ಧಾರಾವಾಹಿ ಬರೆದರು. ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ಇದೇ ಮೊದಲನೆಯದು, ಇದೇ ಅತ್ಯುತ್ತಮ ಅಂತ ಕವಿ ಟಿ. ಎಸ್. ಎಲಿಯಟ್ ಹೊಗಳಿದ್ದು ಇದನ್ನೇ. ಅದು ಶುರುವಾಗುವುದು 1799ರ ಮೇ 4ರಂದು, ಶ್ರೀರಂಗಪಟ್ಟಣದ ಕೋಟೆ ಬಿದ್ದ ದಿನ. ಟಿಪ್ಪುವಿನ ಆಯುಧಶಾಲೆಯಲ್ಲಿ ಒಂದು ಕಠಾರಿ, ಅದರ ಹಿಡಿಯಲ್ಲಿ ಒಂದು ಹಳದಿ ವಜ್ರ. ಒಬ್ಬ ಇಂಗ್ಲಿಷ್ ಅಧಿಕಾರಿ ಅದನ್ನು ಕಾಯುತ್ತಿದ್ದವರನ್ನು ಕೊಂದು ಕದಿಯುತ್ತಾನೆ. ಸಾಯುವವನ ಶಾಪ ಅವನ ಬೆನ್ನು ಹತ್ತುತ್ತದೆ. ವಜ್ರ, ಶಾಪ ಎರಡೂ ಕಾಲಿನ್ಸ್ ಕಟ್ಟಿದ್ದು. ಆದರೆ ಕೋಟೆ ಬಿದ್ದದ್ದು ಕಥೆಯಲ್ಲ. ಬೇಸಿಗೆಯ ಮಧ್ಯಾಹ್ನ, ಕಾವೇರಿಯಲ್ಲಿ ನೀರು ಇಳಿದಿದ್ದ ಹೊತ್ತು ನೋಡಿ ನುಗ್ಗಿದರು. ಆ ರಾತ್ರಿಯ ಲೂಟಿ, ಟಿಪ್ಪುವಿನ ಸಿಂಹಾಸನವನ್ನು ಒಡೆದು ತುಂಡು ತುಂಡಾಗಿ ಹಂಚಿದ್ದು, ಎಲ್ಲಾ ನಡೆದದ್ದೇ. ಸಿಂಹಾಸನದ ಚಿನ್ನದ ಹುಲಿತಲೆ ಒಂದು ವೇಲ್ಸ್‌ನ ಪೊವಿಸ್ ಕೋಟೆಮನೆಯಲ್ಲಿ ಇವತ್ತಿಗೂ ಇದೆ, ಟಿಪ್ಪುವಿನ ಡೇರೆಯೂ ಅಲ್ಲೇ ಇದೆ. ಇಂಗ್ಲಿಷ್ ಬಂಗಲೆಯ ಗಾಜಿನ ಕಪಾಟಿನಲ್ಲಿ ಏನಿದೆ, ಅದು ಎಲ್ಲಿಂದ ಬಂತು ಅನ್ನುವ ಪ್ರಶ್ನೆಯಿಂದಲೇ ಈ ಬಗೆಯ ಕಥೆ ಹುಟ್ಟಿದೆ ಅಂತ ನನಗೆ ಅನ್ನಿಸುತ್ತದೆ. ನಮ್ಮ ಕೋಟೆಯ ವಾಟರ್ ಗೇಟ್ ಕಡೆ ಸಂಜೆ ವಾಕಿಂಗ್ ಹೋದಾಗಲೆಲ್ಲ ಇದು ನೆನಪಾಗುತ್ತದೆ.

ಆ ವಜ್ರ ಯಾರ್ಕ್‌ಶೈರಿನ ಒಂದು ಹಳ್ಳಿ ಬಂಗಲೆಗೆ ಹೋಗುತ್ತದೆ, 1848ರಲ್ಲಿ, ಮನೆಯ ಮಗಳ ಹದಿನೆಂಟನೇ ಹುಟ್ಟುಹಬ್ಬಕ್ಕೆ. ಅದೇ ರಾತ್ರಿ ಕಾಣೆಯಾಗುತ್ತದೆ. ಅವಳ ಕೋಣೆಯ ಬಾಗಿಲಿಗೆ ಹೊಸದಾಗಿ ಬಣ್ಣ ಹಚ್ಚಿರುತ್ತಾರೆ, ಆ ಬಣ್ಣದಲ್ಲಿ ಒಂದು ಕಡೆ ಬಟ್ಟೆ ತಗುಲಿ ಸ್ವಲ್ಪ ಕದಡಿರುತ್ತದೆ. ಊರಿನ ಪೊಲೀಸ್ ಅಧಿಕಾರಿ ಅದು ಕೆಲಸದ ಹೆಂಗಸರ ಲಂಗ ತಾಗಿದ್ದು, ಸಣ್ಣ ವಿಷಯ ಅಂತಾನೆ. ಲಂಡನ್ನಿನಿಂದ ಬಂದ ಸಾರ್ಜೆಂಟ್ ಕಫ್, ಗುಲಾಬಿ ಗಿಡ ಅಂದರೆ ಜೀವ ಬಿಡುವ ಮುದುಕ, ತನ್ನ ಸರ್ವೀಸಿನಲ್ಲಿ ಸಣ್ಣ ವಿಷಯ ಅನ್ನುವುದನ್ನೇ ತಾನು ಕಂಡಿಲ್ಲ ಅಂತಾನೆ. ಬಣ್ಣ ಒಣಗಲು ಎಷ್ಟು ಗಂಟೆ ಬೇಕು ಅಂತ ಕೇಳುತ್ತಾನೆ. ಆಮೇಲೆ ಒಗೆಯುವ ಬಟ್ಟೆಗಳ ಲೆಕ್ಕದ ಪುಸ್ತಕ ತರಿಸುತ್ತಾನೆ. ಮನೆಯ ಎಲ್ಲರ ಬಟ್ಟೆ ನೋಡಬೇಕು ಅಂತಾನೆ, ಕೆಲಸದವರದ್ದೂ, ಯಜಮಾನರದ್ದೂ. ಒಪ್ಪದೆ ಇರುವುದು ಯಾರು ಗೊತ್ತಾ? ಮನೆಯ ಮಗಳು.

ಇದರ ಹಿಂದೆ ನಿಜವಾದ ಒಂದು ಪ್ರಕರಣ ಇತ್ತು. 1860ರ ಜೂನ್ ಕೊನೆಯಲ್ಲಿ ವಿಲ್ಟ್‌ಶೈರಿನ ರೋಡ್ ಹಿಲ್ ಹೌಸ್ ಅನ್ನುವ ಮನೆಯಲ್ಲಿ ಇನ್ನೂ ನಾಲ್ಕು ತುಂಬದ ಒಂದು ಗಂಡು ಮಗುವಿನ ಕೊಲೆ ಆಯಿತು. ರಾತ್ರಿ ಮಲಗುವ ಮುಂಚೆ ಬಾಗಿಲೆಲ್ಲ ಒಳಗಿನಿಂದ ಹಾಕಿದ್ದರು. ಮೊದಲು ಅನುಮಾನ ಬಂದದ್ದು ಮಗು ನೋಡಿಕೊಳ್ಳುವ ಆಯಾ ಮೇಲೆ. ಅವಳನ್ನು ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಲಂಡನ್ ಪೊಲೀಸರ ಸ್ಕಾಟ್ಲೆಂಡ್ ಯಾರ್ಡ್‌ನಿಂದ ಜೊನಾಥನ್ ವಿಚರ್ ಎಂಬ ಇನ್ಸ್‌ಪೆಕ್ಟರ್ ಬಂದ. ಅವನೂ ಹೋಗಿ ನಿಂತದ್ದು ಬಟ್ಟೆ ಲೆಕ್ಕದ ಮುಂದೆ. ಮನೆಯ ಹದಿನಾರು ವರ್ಷದ ಮಗಳು ಕಾನ್‌ಸ್ಟನ್ಸ್ ಕೆಂಟ್‌ಳ ಒಂದು ರಾತ್ರಿ ಉಡುಪು ಲೆಕ್ಕಕ್ಕೆ ಸಿಗಲಿಲ್ಲ. ಅವಳೇ ಮಾಡಿದ್ದು ಅಂದ. ಸಾಮಾನ್ಯ ಮನೆತನದ ಒಬ್ಬ ಪೊಲೀಸ್ ದೊಡ್ಡ ಮನೆಯ ಹುಡುಗಿಯ ಒಳಬಟ್ಟೆ ಎಣಿಸುವುದಾ ಅಂತ ಪತ್ರಿಕೆಗಳೆಲ್ಲ ಅವನ ಮೇಲೆ ಮುರಿದು ಬಿದ್ದವು. ಹುಡುಗಿಯನ್ನು ಬಿಟ್ಟರು. ಅವನ ಹೆಸರು ಕೆಟ್ಟಿತು. ಐದು ವರ್ಷದ ಮೇಲೆ, 1865ರಲ್ಲಿ, ಅವಳೇ ಬಂದು ತಪ್ಪೊಪ್ಪಿಕೊಂಡಳು.

ಮಳವಳ್ಳಿಯವರೇ, ನೀವು ಹೇಳಿದ ಆ ಸಭೆ, ಯಜಮಾನನನ್ನೂ ಆಳನ್ನೂ ಒಂದೇ ದನಿಯಲ್ಲಿ ಕೇಳುವುದು, ಅದನ್ನು ನಿಜ ಜೀವನದಲ್ಲಿ ಮಾಡಲು ಹೋದವನಿಗೆ ಆದದ್ದು ಇದು. ಅದಕ್ಕೇ ಅದನ್ನು ಕಥೆಯಲ್ಲಿ ಮತ್ತೆ ಮತ್ತೆ ನಡೆಸುತ್ತಾರೇನೋ. ಇನ್ನೊಂದು ಮಾತು. ಆಳುಗಳಿಗೆ ಎರಡೇ ಪುಟ ಅಂದಿರಿ, ಆಮೇಲಿನ ಪುಸ್ತಕಗಳ ಮಟ್ಟಿಗೆ ಒಪ್ಪಿದೆ. ಕಾಲಿನ್ಸ್ ಹಾಗೆ ಮಾಡಲಿಲ್ಲ. ಕಥೆಯ ಮೊದಲ ದೊಡ್ಡ ಭಾಗವನ್ನು ಹೇಳುವುದು ಆ ಮನೆಯ ಮುದಿ ಆಳು ಬೆಟರೆಡ್ಜ್. ರೋಸಾನಾ ಅಂತ ಒಬ್ಬ ಕೆಲಸದ ಹುಡುಗಿ ಇದ್ದಾಳೆ, ಹಿಂದೆ ಕಳ್ಳತನ ಮಾಡಿ ಜೈಲು ಕಂಡವಳು, ಭುಜ ಸ್ವಲ್ಪ ಓರೆ. ವಜ್ರ ಹೋದ ಮೇಲೆ ಅವಳ ಮೇಲೂ ಅನುಮಾನ ಬರುತ್ತದೆ. ಅವಳ ಮಾತನ್ನು ಅವಳ ಬಾಯಿಂದಲೇ, ಒಂದು ಉದ್ದನೆಯ ಕಾಗದವಾಗಿ, ಕಾಲಿನ್ಸ್ ಪೂರ್ತಿ ಹೇಳಿಸುತ್ತಾರೆ. ಮುಂದಿನದ್ದು ಹೇಳುವುದಿಲ್ಲ. ದಯವಿಟ್ಟು ಓದಿ.

ನಾಲೆ ಏರಿ

ಮೇಷ್ಟ್ರೇ, ನಮ್ಮೂರಿಂದ ಶ್ರೀರಂಗಪಟ್ಟಣಕ್ಕೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ. ಇಷ್ಟು ವರ್ಷ ಈ ಕಥೆ ಗೊತ್ತಿರಲಿಲ್ಲ. ಆ ಬಟ್ಟೆ ಲೆಕ್ಕದ ವಿಷಯ ನಮ್ಮ ಅಜ್ಜಿಗೆ ಹೇಳಿದ್ದರೆ ಇದರಲ್ಲಿ ಏನು ಹೊಸದು ಅನ್ನುತ್ತಿದ್ದಳು. ಮಡಿವಾಳರು ಬಟ್ಟೆ ತಂದಾಗ ಕಲೆ ನೋಡಿಯೇ ಮನೆಯ ಅರ್ಧ ಸುದ್ದಿ ಓದುತ್ತಿದ್ದಳು.

ಮಳವಳ್ಳಿ ಕಡೆಯವನು

ಸರ್, ಥ್ಯಾಂಕ್ಸ್. ರಾತ್ರಿಯೇ ಹುಡುಕಿ ಫೋನಿನಲ್ಲಿ ಶುರು ಮಾಡಿದೆ, ಹಳೇ ಪುಸ್ತಕ ಆದ್ದರಿಂದ ಪುಕ್ಕಟೆ ಸಿಗುತ್ತದೆ. ಇಂಗ್ಲಿಷ್ ಸ್ವಲ್ಪ ಕಷ್ಟ, ಆದರೆ ಬೆಟರೆಡ್ಜ್ ಮಾತಾಡುವ ರೀತಿ ಹಿಡಿಸಿತು. ವಿಚರ್ ವಿಷಯ ತಲೆಯಿಂದ ಹೋಗುತ್ತಿಲ್ಲ. ಅವನು ಹೇಳಿದ್ದು ನಿಜ ಅಂತ ಐದು ವರ್ಷದಲ್ಲಿ ಗೊತ್ತಾಯಿತಲ್ಲ, ಅವನು ಬದುಕಿರುವಾಗಲೇ. ಅಷ್ಟಾದರೂ ಆಯಿತು.

ಕುವೆಂಪುನಗರದ ಓದುಗಿ

ನಾನು ಒಂದು ಸಣ್ಣ ಪ್ರಶ್ನೆ ಅಂತ ಹಾಕಿದ್ದು. ನೀವೆಲ್ಲ ಮನೆ ಬಾಗಿಲು ತೆರೆದು ತೋರಿಸಿದಿರಿ. ಮಳವಳ್ಳಿ ತಮ್ಮ, ಆ ಒಬ್ಬಟ್ಟಿನ ವಿಷಯ ಓದಿ ಕಣ್ಣಲ್ಲಿ ನೀರು ಬಂತು.

ತಂದ ಎರಡು ಚೀಲದಲ್ಲಿ ಹುಡುಕಿದೆ, ಮೇಷ್ಟ್ರು ಹೇಳಿದ ಪುಸ್ತಕ ಇತ್ತು. ರಟ್ಟು ಕಿತ್ತುಹೋಗಿದೆ, ಒಳಗೆ ಚೆನ್ನಾಗಿದೆ. ಮೂರು ದಿನದಿಂದ ರಾತ್ರಿ ಊಟ ಆದ ಮೇಲೆ ಅತ್ತೆಗೆ ಕನ್ನಡದಲ್ಲಿ ಹೇಳುತ್ತಾ ಓದುತ್ತಿದ್ದೇನೆ. ಶ್ರೀರಂಗಪಟ್ಟಣ ಅಂದ ಕೂಡಲೇ ಕನ್ನಡಕ ಹಾಕಿಕೊಂಡು ಕೂತರು, ಆ ಪುಸ್ತಕದಲ್ಲಿ ಊರಿನ ಹೆಸರನ್ನು ಬೆರಳಿಟ್ಟು ತೋರಿಸು ಅಂದರು. ವಜ್ರದ ಬಗ್ಗೆ ಜಾಸ್ತಿ ಕೇಳಲಿಲ್ಲ. ರೋಸಾನಾ ಬಂದ ಮೇಲೆ ಅವಳ ಬಗ್ಗೆಯೇ ಕೇಳುತ್ತಿದ್ದಾರೆ. ಬಿಡುವು ಸಿಕ್ಕಿದಾಗೆಲ್ಲ ಆ ಹುಡುಗಿ ಸಮುದ್ರದ ಹತ್ತಿರ ಉಸುಬು ಮರಳಿನ ಕಡೆ ಒಬ್ಬಳೇ ಹೋಗಿ ಕೂರುತ್ತಾಳೆ, ಊಟಕ್ಕೆ ಕರೆಯಲು ಮುದುಕನೇ ಹೋಗಬೇಕು. ಯಾಕೆ ಹೋಗಿ ಕೂರುತ್ತಾಳೆ, ಮನೆಯಲ್ಲಿ ಯಾರೂ ಮಾತಾಡಿಸುವುದಿಲ್ಲವಾ ಅಂತ ಅತ್ತೆ ಎರಡು ಸಲ ಕೇಳಿದರು.

ನಿನ್ನೆ ವಜ್ರ ಕಾಣೆಯಾದ ಅಧ್ಯಾಯ ಮುಗಿಯಿತು. ಹಳೇ ಓದುಗರ ಹಾಗೆ ನಾನೂ ಅನುಮಾನ ಇರುವವರ ಹೆಸರಿನ ಪಕ್ಕ ಗುರುತು ಹಾಕೋಣ ಅಂತ ಪೆನ್ಸಿಲ್ ತೆಗೆದು, ಯಾರ ಹೆಸರಿಗೆ ಹಾಕಲಿ, ಈ ಹುಡುಗಿ ಮೇಲೆ ಹಾಕಲಾ ಅಂದೆ. ಅತ್ತೆ ನನ್ನ ಕೈ ಹಿಡಿದುಕೊಂಡರು. "ಬೇಡ, ಇರು. ಮೊದಲು ಅವಳು ಏನು ಹೇಳ್ತಾಳೋ ಕೇಳೋಣ" ಅಂದರು.